ಕಂಬಳಿ ಟಾಕೀಸು

ಸಿನಿಮಾ ನೋಡುತ್ತಾ ಪ್ರಾಣ ಬಿಡುವವರಿದ್ದಾರೆ ಎಂದು ಯಾರಾದರೂ ಹೇಳಿದರೆ ನನಗೀಗ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಅದರ ಮೊದಲ ಪಾಲು ನನ್ನ ರೂಮಿನ ರಾಘವೇಟ್ಟನಿಗೆ.

ಸೌದಿ ಎಂದರೆ ಬರೀ ಬಿಸಿಲು ಅಂದುಕೊಂಡವರು ಅಲ್ಲಿನ ಬೆಟ್ಟದೂರು ಅಭಾದ ಚಳಿ ಕಂಡಿಲ್ಲ. ಉಡುಪಿಯಿಂದ ಬರುವಾಗ ನಾನೂ ಒಂದು ಸ್ವೆಟರ್ ತಂದಿರಲಿಲ್ಲ. ಜನವರಿಯ ಒಂದು ಶುಕ್ರವಾರ, ಊಟವಾದ ಮೇಲೆ, ಕಾಸರಗೋಡಿನವರಾದ ರಾಘವೇಟ್ಟ ಲ್ಯಾಪ್‌ಟಾಪ್ ತೆರೆದು ತಮ್ಮ ಅಪ್ಪನ ಕಾಲದ ಮಲಯಾಳಂ ಚಿತ್ರವೊಂದನ್ನು ತೋರಿಸುತ್ತೇನೆಂದರು. ಹಳ್ಳಿಯ ಕಥೆಯಂತೆ. ಮಲಯಾಳದಲ್ಲಿ ಚಿತ್ರ ತೆಗೆದವರು ಮನೆ ಮಾರಿಕೊಳ್ಳುತ್ತಿದ್ದ ಕಾಲದಲ್ಲಿ ಇದು ತಿಂಗಳುಗಟ್ಟಲೆ ಓಡಿತಂತೆ, ಜನ ದೋಣಿ ಹತ್ತಿ ಬಂದು ನೋಡಿದರಂತೆ. ಇಂಥದ್ದನ್ನು ಬೆಳಕಿನಲ್ಲಿ ನೋಡುವುದು ಚಿತ್ರಕ್ಕೇ ಅವಮಾನವಂತೆ. ಆಗ ಈ ದೇಶದಲ್ಲಿ ಟಾಕೀಸೇ ಇಲ್ಲವಲ್ಲ, ನಮ್ಮ ರೂಮೇ ಟಾಕೀಸಾಗಬೇಕಾಯಿತು. ಕಿಟಕಿಗೆ ಇದ್ದಬದ್ದ ಕಂಬಳಿಯೆಲ್ಲ ಹೊಡೆದರು, ಬಾಗಿಲ ಸಂದಿಗೆ ಲುಂಗಿ ತುರುಕಿದರು. ಹೊದೆಯಲು ಕಂಬಳಿ ಉಳಿಯಲಿಲ್ಲವೆಂದು ಇದ್ದಿಲಿನ ಅಗ್ಗಿಷ್ಟಿಕೆ ತಂದು ನಡುವೆ ಇಟ್ಟರು. ಬಿ.ಎಸ್ಸಿ. ಕೆಮಿಸ್ಟ್ರಿ ಓದಿದ ನಾನು, ಹೊಗೆಯೇ ಇಲ್ಲದ ಒಳ್ಳೆಯ ಇದ್ದಿಲೆಂದು ಮೆಚ್ಚಿ ಕೈ ಕಾಯಿಸಿಕೊಂಡೆ.

ಅರ್ಧ ಚಿತ್ರವಾಗುವಾಗ ನನ್ನ ತಲೆ ಸಿಡಿಯತೊಡಗಿತು. ಹಳೇ ಸಂಗೀತದ ದೋಷ ಅಂದುಕೊಂಡೆ. ಎದೆ ಭಾರವಾಯಿತು. ಚಿತ್ರದ ಜಮೀನ್ದಾರ ಬಡ ಹುಡುಗಿಯೊಬ್ಬಳನ್ನು ಹೊರಗೆ ಹಾಕಿದ್ದಕ್ಕೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಬಂಟ್ವಾಳದ ಡ್ರೈವರ್ ಹಮೀದಾಕ, ಯಾವ ಕಥೆಗೂ ಕರಗದ ಮನುಷ್ಯ, ಮೆಲ್ಲನೆ ನನ್ನ ಹೆಗಲಿಗೆ ಒರಗಿದರು.

“ನೋಡು ಮಾರಾಯ, ಹಮೀದನೇ ಅಳ್ತಾ ಇದ್ದಾನೆ,” ಎಂದರು ರಾಘವೇಟ್ಟ, ತಾವೇ ಚಿತ್ರ ತೆಗೆದ ಹೆಮ್ಮೆಯಲ್ಲಿ.

ಹಮೀದಾಕ ಅಳುತ್ತಿರಲಿಲ್ಲ. ಹೆಗಲು ಸರಿಸಿದರೆ ಮೂಟೆಯ ಹಾಗೆ ಉರುಳಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಹೊಗೆ, ವಾಸನೆ ಇಲ್ಲದೆಯೇ ವಿಷಾನಿಲ ತುಂಬುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದು ನನಗೆ ಆಗ ನೆನಪಾಯಿತು. ಏಳಲು ಕಾಲಲ್ಲಿ ಬಲವಿಲ್ಲ. ತೆವಳಿ ಹೋಗಿ ಲುಂಗಿ ಕಿತ್ತು ಬಾಗಿಲು ತೆರೆದೆ. ಇಬ್ಬರೂ ಸೇರಿ ಅವರನ್ನು ಮೆಟ್ಟಿಲಿಗೆ ಎಳೆದೆವು. ತಣ್ಣನೆ ಗಾಳಿ ಮುಖಕ್ಕೆ ಹೊಡೆದರೂ ಅವರ ಕಣ್ಣು ತೆರೆಯಲಿಲ್ಲ. ಆ ಮುಚ್ಚಿದ ಕಣ್ಣುಗಳು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಒಳಗೆ ಚಿತ್ರದಲ್ಲಿ ಯಾರೋ ಗದ್ದೆಯಲ್ಲಿ ಹಾಡುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಸಂಜೆಗೆ ಹಮೀದಾಕನಿಗೆ ಎಚ್ಚರವಾಯಿತು. ಅಲ್ಲಿಯವರೆಗೆ ಕಾರಿಡಾರಿನಲ್ಲಿ ನಾನು ರಾಘವೇಟ್ಟನನ್ನು ಬಾಯಿಗೆ ಬಂದಂತೆ ಬೈದೆ. ಇವರ ಹೆಂಡತಿಗೆ ಏನೆಂದು ಫೋನ್ ಮಾಡುವುದಿತ್ತು, ನಿಮ್ಮ ಯಜಮಾನರು ಸಿನಿಮಾ ನೋಡಿ ಹೋದರು ಎಂದೇ?

ಹಮೀದಾಕ ಮಾಸ್ಕ್ ಸರಿಸಿ ನಮ್ಮಿಬ್ಬರನ್ನೂ ಹತ್ತಿರ ಕರೆದರು.

“ಕಡೆಗೆ ಆ ಹುಡುಗಿದು ಎಂತ ಆಯ್ತು?”

ಬೈಯಬೇಕೆಂದೇ ನಾನು ಬಾಯಿ ತೆರೆದೆ. ಆದರೆ ರಾಘವೇಟ್ಟ ಕಥೆ ಶುರುಮಾಡಿದಾಗ, ರೋಗಿಗೆ ಅಡ್ಡವಾಗಿ ಕತ್ತು ಚಾಚಿದವನು ನಾನೇ.