ಉಮಾಪತಿಯ ಕೆಮ್ಮು

ಉಮಾಪತಿಯ ಕೆಮ್ಮು ನಿಂತದ್ದೇ ಎಲ್ಲ ರಗಳೆಗೆ ಕಾರಣ.

ಸಿಗರೇಟು ಬಿಟ್ಟದ್ದು ಡಾಕ್ಟರಿಗೆ ಹೆದರಿ ಅಲ್ಲ, ಹೆಂಡತಿ ಲಲಿತಾಳಿಗೆ ಹೆದರಿ. ಅವಳು ಸಿಟ್ಟಾಗಿ ಕುಕನೂರಿನ ತವರಿಗೆ ಹೋಗಿ ಕೂತಿದ್ದಳು. ಅವನು ಬಿಟ್ಟ ಮೇಲೆಯೇ ಬಂದಳು. ಬಂದ ದಿನವೇ, “ಇನ್ನೊಮ್ಮೆ ಹಚ್ಚಿದ್ರಿ ಅಂದ್ರ ನಾ ಹೊಳ್ಳಿ ಬರಂಗಿಲ್ಲ” ಎಂದು ಹೇಳಿದ್ದಳು.

ಬಿಟ್ಟದ್ದಕ್ಕೆ ಮೈ ಹಗುರಾಯಿತು, ಊಟ ರುಚಿಸಿತು, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಅರ್ಧ ಗಂಗಾವತಿಗೆ ಕೇಳುತ್ತಿದ್ದ ಕೆಮ್ಮೂ ಮಾಯವಾಯಿತು. ಆ ಕೆಮ್ಮನ್ನು ನಂಬಿಕೊಂಡು ಎಷ್ಟು ಜನ ಬದುಕಿದ್ದರು ಅನ್ನುವುದು ಪಾಪ, ಅವನಿಗೇನು ಗೊತ್ತು?

ಅವತ್ತು ಬೆಳಿಗ್ಗೆ ಲಲಿತಾ ಹೆಪ್ಪಿಗೆ ಮಜ್ಜಿಗೆ ತರಲು ಅವನನ್ನು ಪಕ್ಕದ ಮನೆಗೆ ಕಳಿಸಿದಳು. ಬಾಗಿಲು ತೆರೆದಿತ್ತು. ಒಳಗೆ ಹೋದರೆ, ಸಕ್ಕರೆ ಕಾಯಿಲೆಯ ಮುದಕಮ್ಮ ಜೋಳದ ಚೀಲದ ಮರೆಯಲ್ಲಿ ಕೂತು ಎರಡೂ ಕೈಯಿಂದ ಜಿಲೇಬಿ ತಿನ್ನುತ್ತಿದ್ದಾಳೆ! ಇವನನ್ನು ಕಂಡದ್ದೇ ತುತ್ತು ಗಂಟಲಿಗೆ ಸಿಕ್ಕಿ ಮುದುಕಿಯ ಕಣ್ಣು ಮೇಲಾದವು. ಉಮಾಪತಿ ಓಡಿಹೋಗಿ ಬೆನ್ನು ಗುದ್ದಿದ. ಜೀವ ಬಂದ ಮೇಲೆ ಅವಳು, ಸೊಸೆ ಸುರೇಖಾಳಿಗೆ ಹೇಳುವುದಿಲ್ಲ ಎಂದು ಅವನಿಂದ ಆಣೆ ಮಾಡಿಸಿಕೊಂಡಳು. ಆಮೇಲೆ ಬೈದಳು.

“ಮೊದಲ ಓಣಿ ತಿರುವಿನ್ಯಾಗ ಕೆಮ್ಮತಿದ್ದಿ, ನಾ ಬಾಯಿ ಒರಸ್ಕೊತಿದ್ದೆ. ಈಗ ಬೆಕ್ಕಿನಂಗ ಬಂದು ಕೊಲ್ಲತಿಯೇನಪಾ? ಬರೂಮುಂದ ಒಂದು ಕೆಮ್ಮರೆ ಕೆಮ್ಮು.”

ಅಕ್ಕಿ ಗಿರಣಿಯಲ್ಲೂ ಅದೇ ಕತೆ. ಉಮಾಪತಿ ಅಲ್ಲಿನ ಮ್ಯಾನೇಜರು. ಒಳಗೆ ಕಾಲಿಟ್ಟರೆ ಗುಮಾಸ್ತ ಕಲ್ಲೇಶ ಮಾಲಕರ ಕುರ್ಚಿಯಲ್ಲಿ ಕೂತು, ಕಾಲು ಮೇಜಿನ ಮೇಲಿಟ್ಟು, ಥೇಟ್ ಮಾಲಕರ ದನಿಯಲ್ಲಿ ಯಾರನ್ನೋ ಫೋನಿನಲ್ಲಿ ದಬಾಯಿಸುತ್ತಿದ್ದ. ಇವನನ್ನು ನೋಡಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ತಲೆ ಬುರುಬುರು ಊದಿಕೊಂಡಿತು. ಅವನೂ ಆಣೆ ಮಾಡಿಸಿಕೊಂಡ.

“ಸಿಗರೇಟ್ ಬಿಟ್ಟಿದ್ದು ಛಲೋ ಆತ್ರಿ ಸರ. ಕೆಮ್ಮು ಯಾಕ ಬಿಟ್ರಿ? ಗೇಟಿನ್ಯಾಗ ಒಂದ್ಸಲ ಕೆಮ್ಮಿ ಬರ್ರಿ.”

ಸಂಜೆಯ ಹೊತ್ತಿಗೆ ಉಮಾಪತಿಗೆ ತಾನೇ ಕಳ್ಳನೇನೋ ಅನ್ನಿಸತೊಡಗಿತು. ಆಗಲಿ, ಕೆಮ್ಮಿದರೆ ಏನು ಗಂಟು ಹೋಗುತ್ತದೆ? ಓಣಿ ತಿರುವಿನಲ್ಲಿ ಮುದಕಮ್ಮನಿಗಾಗಿ ಒಂದು ಸಲ ಕೆಮ್ಮಿದ. ಮನೆ ಬಾಗಿಲಲ್ಲಿ, ಹೆಂಡತಿಯೂ ಬೆಚ್ಚಿಬೀಳಬಾರದೆಂದು ಇನ್ನೊಂದು ಸಲ ಕೆಮ್ಮಿದ. ಹಳೇ ರೂಢಿ, ಭರ್ಜರಿಯಾಗಿ ಬಂತು.

ಒಳಗೆ ಲಲಿತಾಳ ಕೈಯಿಂದ ಸೌಟು ಬಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು.

“ಎಲ್ಲಿ ಸೇದಿ ಬಂದ್ರಿ?”

ಮರ್ಯಾದೆಗೆ ಕೆಮ್ಮಿದೆ ಎಂದರೆ ಯಾರು ನಂಬುತ್ತಾರೆ? ಬೇಕಾದರೆ ಬಾಯಿ ಮೂಸಿ ನೋಡು ಎಂದ. ಅವಳು ಮೂಸಿದಳು.

“ವಾಸನಿ ಇಲ್ಲ ಅಂದ್ರ ತೊಳಕೊಂಡು ಬಂದೀರಿ. ಮೊದಲೂ ಹಿಂಗ ಮಾಡತಿದ್ರಿ.”

ಅವಳು ಬ್ಯಾಗು ತೆಗೆದಳು. ಉಮಾಪತಿ ಅವಳನ್ನು ಬೇಡಿಕೊಂಡು ಮುದಕಮ್ಮನ ಮನೆಗೆ ಕರೆದೊಯ್ದ. ಅಲ್ಲಿ ಸುರೇಖಾ ಅತ್ತೆಗೆ ಸಕ್ಕರೆ ಇಲ್ಲದ ಚಹಾ ಕೊಡುತ್ತಿದ್ದಳು.

“ದೊಡ್ಡವ್ವ, ಕೆಮ್ಮು ಅಂತ ನೀನ ಹೇಳಿದ್ದಿಲ್ಲ?”

ಅತ್ತೆ ಯಾಕೆ ಹಾಗೆ ಹೇಳುತ್ತಾರೆ ಎಂದು ಸುರೇಖಾ ಹುಬ್ಬು ಗಂಟಿಕ್ಕಿದಳು. ಮುದಕಮ್ಮ ಸೊಸೆಯನ್ನು ನೋಡಿದಳು, ಚಹಾ ನೋಡಿದಳು.

“ನಂಗೇನೂ ಗೊತ್ತಿಲ್ಲವ್ವಾ.”

ಉಮಾಪತಿ ಅವಸರದಿಂದ ಕಲ್ಲೇಶನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. ಕಲ್ಲೇಶ ಬಹಳ ಮೆಲ್ಲಗೆ, “ಮಾಲಕರು ಎದುರಿಗೇ ಅದಾರ್ರಿ. ಕೆಮ್ಮರಿ ಅಂತ ನಾ ಯಾಕ ಹೇಳ್ಲಿ ಸರ?” ಎಂದು ಫೋನ್ ಇಟ್ಟುಬಿಟ್ಟ.

ಆಘಾತಕ್ಕೆ ಉಗುಳು ಗಂಟಲಲ್ಲಿ ಸಿಕ್ಕಿತು. ಈ ಸಲ ನಿಜವಾದ ಕೆಮ್ಮು ಬಂತು. ನಿಲ್ಲಲೇ ಇಲ್ಲ. ಓಣಿಯವರೆಲ್ಲ ಹೊರಗೆ ಬಂದರು. ಲಲಿತಾ ಕಣ್ಣು ಒರೆಸಿಕೊಂಡು ಕುಕನೂರಿನ ಬಸ್ಸಿಗೆ ನಡೆದಳು.

ಮುದಕಮ್ಮ ಅವನ ಬೆನ್ನು ನೀವುತ್ತ, ಸೊಸೆಗೂ ಕೇಳುವಂತೆ ಹೇಳಿದಳು:

“ಎಷ್ಟ್ ಹೇಳಿದೆ, ಆ ಸಿಗರೇಟ್ ಬಿಡೋ ಅಂತ. ಕೇಳಿದಿಯೇನು?”