ಕಾಕಾನ ಉದ್ದನೆಯ ಹಾಡು

ನಮ್ಮ ಕಾಕಾ "ಜರಾ ಕೂಡ್ರಿ, ಒಂದ ಹಾಡು ಕೇಳಿ ಹೋಗ್ರಿ" ಎಂದರೆ ನೀವು ಮೊದಲು ಮಾಡಬೇಕಾದ ಕೆಲಸ, ಮನೆಗೆ ಫೋನ್ ಮಾಡಿ ಊಟಕ್ಕೆ ಕಾಯಬೇಡಿ ಎಂದು ಹೇಳುವುದು. ಒಂದು ಹಾಡು ತಾನೇ, ಎಷ್ಟು ಹೊತ್ತಾದೀತು ಎಂದು ನಂಬಿ ಕೂತವರನ್ನು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಬರುವಾಗ ಇದ್ದ ನಗು ಹೋಗುವಾಗ ಅವರ ಮುಖದಲ್ಲಿ ಇರುವುದಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಕಪನೂರದಲ್ಲಿ ಮೋಟಾರು ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದಾನೆ. ಮದುವೆಯಾಗಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ, ತಂಗಿ ಇನ್ನೂ ತೊಟ್ಟಿಲಲ್ಲಿದ್ದಾಗ ಅಪ್ಪ ತೀರಿಕೊಂಡ. ಅಂದಿನಿಂದ ನಮ್ಮ ಮನೆಯ ಭಾರ ಹೊತ್ತವನು ಕಾಕಾ. ಅವನ ಹಾಡುಗಳ ಭಾರ ಹೊತ್ತವರು ನಾವು.

ಹೈದರಾಬಾದಿನಲ್ಲಿ ಐಟಿಐ ಓದುವಾಗ ರೂಮಿನ ಗೆಳೆಯನೊಬ್ಬ ಹಚ್ಚಿದ ಚಟವಿದು. ಇಂಗ್ಲಿಷಿನಲ್ಲಿ ಪ್ರೋಗ್ರೆಸಿವ್ ರಾಕ್ ಎಂಬ ಬಗೆಯ ಸಂಗೀತವಿದೆಯಂತೆ. ಹಾಡು ಉದ್ದವೆಂದರೆ ಉದ್ದ. ನಡುವೆ ತಾಳ ಬದಲಾಗುತ್ತದೆ, ರಾಗ ಎತ್ತಲೋ ಹೋಗುತ್ತದೆ, ಮುಗಿಯಿತು ಎನ್ನುವಷ್ಟರಲ್ಲಿ ಹೊಸದಾಗಿ ಶುರುವಾಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಅಂಥ ಹಾಡುಗಳಿಗೆಂದೇ ಹೆಸರಾದ ತಂಡಗಳು ಕಾಕಾನಿಗೆ ಬೇಡ. ಅದು ಅವರ ಧಂದಾ, ಅದರಲ್ಲೇನಿದೆ ಎನ್ನುತ್ತಾನೆ. ಜೀವಮಾನವಿಡೀ ಸಣ್ಣ ಸಣ್ಣ ಪ್ರೇಮಗೀತೆ ಹಾಡಿಕೊಂಡು, ಹುಡುಗ ಹುಡುಗಿಯರನ್ನು ಕುಣಿಸಿಕೊಂಡು ಇದ್ದ ಮರ್ಯಾದಸ್ಥ ತಂಡವೊಂದು ಒಂದೇ ಒಂದು ಸಲ ಲಗಾಮು ಕಿತ್ತುಕೊಂಡು ಇಂಥದ್ದೊಂದನ್ನು ಮಾಡಿಬಿಟ್ಟಿರುತ್ತದಲ್ಲ, ಆ ಹಾಡು ಅವನಿಗೆ ಬೇಕು. ಸಿಕ್ಕ ದಿನ ಕಳ್ಳನನ್ನು ಹಿಡಿದ ಫೌಜದಾರನ ಹಾಗೆ ಓಡಾಡುತ್ತಾನೆ. "ಇವರ ಮ್ಯಾಲ ಯಾರಿಗೂ ಸಂಶೇನ ಇದ್ದಿದ್ದಿಲ್ಲ ನೋಡು" ಎಂದು ನನ್ನ ಕಿವಿಗೆ ಇಯರ್‌ಫೋನ್ ತುರುಕುತ್ತಾನೆ. ಎಂಥ ಸಾಮಾನ್ಯ ಬ್ಯಾಂಡಿನ ಹೊಟ್ಟೆಯಲ್ಲೂ ಅಂಥದ್ದೊಂದು ಹಾಡು ಇದ್ದೇ ಇರುತ್ತದೆ, ಕೇಳುವವರು ಬೇಕು ಅಷ್ಟೇ ಎಂಬುದು ಅವನ ಸಿದ್ಧಾಂತ.

ನೆರೆಮನೆಯವರೊಬ್ಬರು ಇವನ ಬಾಯಲ್ಲಿ ಪ್ರೋಗ್ರೆಸಿವ್ ಪ್ರೋಗ್ರೆಸಿವ್ ಎಂದು ಕೇಳಿ ಕೇಳಿ, ಪ್ರಗತಿಪರ ರೈತನಾಗಿದ್ದಾನೆಂದು ತಿಳಿದು, ಹನಿ ನೀರಾವರಿಯ ಸಬ್ಸಿಡಿ ಕುರಿತು ವಿಚಾರಿಸಲು ಬಂದಿದ್ದರು. ಪಾಪ, ಅವರಿಗೂ ಒಂದು ಹಾಡು ಕೇಳಿಸಿಯೇ ಕಳಿಸಿದ.

ತಂಗಿಯನ್ನು ನೋಡಲು ಕಮಲಾಪುರದಿಂದ ಬೀಗರು ಬಂದ ದಿನ ನಾನು ಕಾಕಾನ ಸ್ಪೀಕರನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಹುಡುಗನ ತಂದೆ ನಿವೃತ್ತ ಹೆಡ್ ಮಾಸ್ತರರು. ಗಳಿಗೆಗೊಮ್ಮೆ ಕೈಗಡಿಯಾರ ನೋಡುವ ಮನುಷ್ಯ. ಚುರುಮುರಿ ಸುಸ್ಲಾ, ಚಹಾ ಮುಗಿಯುತ್ತಿದ್ದಂತೆ ಕಾಕಾ ಅಂಗಿಯ ಕಿಸೆಯಿಂದ ಮತ್ತೊಂದು ಸ್ಪೀಕರ್ ತೆಗೆದ. ಅಷ್ಟು ಚಿಕ್ಕ ಸ್ಪೀಕರುಗಳೂ ಬಂದಿವೆಯೆಂದು ನನಗೇನು ಗೊತ್ತು? ಹಾಡು ಶುರುವಾಯಿತು. ಅದು ನಿಂತಾಗ ಮಾಸ್ತರರು "ಛಲೋ ಅದ" ಎಂದು ಎದ್ದರು. ಒಡನೆ ಡ್ರಮ್ ಬಡಿಯಿತು. ಸಭ್ಯತೆಗೆ ಕೂತರು. ಮತ್ತೆ ನಿಂತಿತು, ಮತ್ತೆ ಎದ್ದರು, ಮತ್ತೆ ಗಿಟಾರು. ಹೀಗೆ ಎದ್ದು ಕೂತು, ಎದ್ದು ಕೂತು ಅವರಿಗೆ ದಣಿವಾಗಿ, ನಡುವೆ ಮಾತಿಗೆ ಬೇರೆ ವಿಷಯ ಸಿಗದೆ, ಮದುವೆಯ ತಾರೀಖೇ ನಿಶ್ಚಯವಾಗಿಬಿಟ್ಟಿತು. ಇದರ ಕೀರ್ತಿಯನ್ನು ಕಾಕಾ ಇಂದಿಗೂ ಆ ಹಾಡಿಗೇ ಕೊಡುತ್ತಾನೆ.

ಮದುವೆ ಕಮಲಾಪುರದಲ್ಲಿ. ಮಂಟಪ, ಊಟ ಗಂಡಿನವರದು; ಬ್ಯಾಂಡು ನಮ್ಮದು. ಬ್ಯಾಂಡಿನ ಜವಾಬ್ದಾರಿ ತನಗಿರಲಿ ಎಂದು ಕಾಕಾ ಅಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಕಮಲಾಪುರದ ಆ ಬ್ಯಾಂಡಿನಷ್ಟು ನಿರುಪದ್ರವಿ ಬ್ಯಾಂಡು ಇನ್ನೊಂದಿಲ್ಲ. ಕ್ಲಾರಿನೆಟ್ ಊದುವ ವಯಸ್ಸಾದ ಮಾಸ್ತರ, ಅವನ ಹಿಂದೆ ಕಹಳೆ, ಡ್ರಮ್ಮು. ಸುತ್ತಲಿನ ಹಳ್ಳಿಗಳ ಮದುವೆಗಳಿಗೆಲ್ಲ ಅದೇ ಸಿನಿಮಾ ಹಾಡುಗಳನ್ನು ಬಾರಿಸಿಕೊಂಡು ಬಂದವರು. ಅಂದರೆ, ಕಾಕಾ ಹುಡುಕುತ್ತಿದ್ದಂಥ ಬ್ಯಾಂಡೇ ಅದು! ಅಂದಿನಿಂದ ಭಾನುವಾರ ಬಂದರೆ ಸಾಕು, ಬಸ್ಸು ಹತ್ತಿ ಕಮಲಾಪುರಕ್ಕೆ ಹೊರಡುತ್ತಿದ್ದ. ಏಕೆ ಎಂದರೆ ಕೆಂಪು ಬಾಳೆಹಣ್ಣಿಗೆ ಎನ್ನುತ್ತಿದ್ದ. ಮನೆಯ ಮೂಲೆಮೂಲೆಯಲ್ಲಿ ಕೆಂಪು ಬಾಳೆಗೊನೆ ತೂಗಾಡಿದವು. ಅವ್ವ ಶೀಕರಣೆ ಮಾಡಿದಳು, ಓಣಿಗೆಲ್ಲ ಹಂಚಿದಳು, ಕೊನೆಗೆ ಹಣ್ಣು ಕಂಡರೆ ಮುಖ ತಿರುಗಿಸತೊಡಗಿದಳು. ಇಷ್ಟು ಹಣ್ಣು ಯಾರಿಗೆ ಬೇಕು ಕಾಕಾ ಎಂದು ಕೇಳಿದರೆ, ಆರೋಗ್ಯಕ್ಕೆ ಒಳ್ಳೆಯದು ಎಂದು ಆಚೆ ನೋಡಿದ.

ತಡೆಯಲಾರದೆ ಬ್ಯಾಂಡಿನ ಮಾಸ್ತರನಿಗೆ ಫೋನ್ ಮಾಡಿದೆ. "ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ, ತಾಲೀಮು ಜೋರ್ ನಡದದ" ಎಂದ. ಆ ಮಾತು ಕೇಳಿದ ಮೇಲೆಯೇ ನನಗೆ ಫಿಕರು ಹೆಚ್ಚಾದದ್ದು. ದಿನವೂ ಬಾರಿಸುವ ಹಾಡಿಗೆ ತಾಲೀಮು ಯಾತಕ್ಕೆ? ಕಾಕಾನನ್ನು ಎದುರು ಕೂರಿಸಿಕೊಂಡು ಬೇಡಿಕೊಂಡೆ. ಹೆಡ್ ಮಾಸ್ತರರು ಗಡಿಯಾರದ ಮನುಷ್ಯ, ಅಕ್ಷತೆಯ ವೇಳೆ ತಪ್ಪಿದರೆ ತಂಗಿ ಜನ್ಮವಿಡೀ ಆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ ಎಂದೆ. "ವ್ಯಾಳ್ಯಾ ತಪ್ಪೂದಿಲ್ಲ. ಒಂದೀಟು ನನ್ನ ಮ್ಯಾಲ ಬಿಡು" ಎಂದಷ್ಟೇ ಹೇಳಿ ಶೆಡ್ಡಿಗೆ ಹೋದ.

ಮದುವೆಯ ಬೆಳಿಗ್ಗೆ ಹನುಮಪ್ಪನ ಗುಡಿಯಿಂದ ಮೆರವಣಿಗೆ ಹೊರಟಿತು. ಕುದುರೆಯ ಮೇಲೆ ಮದುಮಗ, ಮುಂದೆ ಅವನ ಗೆಳೆಯರ ಕುಣಿತ, ಅವರ ಮುಂದೆ ಬ್ಯಾಂಡು, ಬ್ಯಾಂಡಿನ ಪಕ್ಕ ಗುಲಾಬಿ ರುಮಾಲು ಸುತ್ತಿಕೊಂಡ ಕಾಕಾ. ಎಂದಿನ ಸಿನಿಮಾ ಹಾಡುಗಳೇ ಬಂದವು. ನನ್ನ ಉಸಿರು ಸ್ವಲ್ಪ ಸಡಿಲಾಯಿತು. ಮಂಟಪದ ಬೀದಿಗೆ ತಿರುಗಿದ್ದೇ ತಡ, ಕಾಕಾ ಕೈ ಎತ್ತಿದ.

ತಾಳ ಮುರಿಯಿತು. ಕುಣಿಯುತ್ತಿದ್ದವರು ಎಡಗಾಲು ಎತ್ತಿದರೆ ಅದನ್ನು ಎಲ್ಲಿ ಇಡಬೇಕೋ ತಿಳಿಯದು. ಎಣಿಕೆಗಿಂತ ಒಂದು ಪೆಟ್ಟು ಕಡಿಮೆಯೋ ಹೆಚ್ಚೋ, ಅಂತೂ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಆಮೇಲೆ ಡ್ರಮ್ಮು ಒಂದೇ ಮಾತಾಡಿತು. ಆಮೇಲೆ ಕಹಳೆಗಳು ಜಗಳವಾಡಿದವು. ಕುದುರೆ ಬೀದಿಯ ನಡುವೆ ನಿಂತುಬಿಟ್ಟಿತು, ಮದುಮಗ ಬಾಸಿಂಗದೊಳಗಿಂದ ನನ್ನನ್ನೇ ನೋಡಿದ. ಹಾಡು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಹಾಡು ಮತ್ತೆ ಶುರುವಾಯಿತು.

ಹೆಡ್ ಮಾಸ್ತರರು ಗಡಿಯಾರ ನೋಡುತ್ತ ನನ್ನ ಬಳಿ ಬಂದರು. "ಏನ್ರೀ, ಇದು ಮುಗೀತೋ, ಇನ್ನೂ ಅದನೋ?"

"ನಂಗೂ ಗೊತ್ತಿಲ್ರೀ" ಎಂದೆ. ಸತ್ಯವನ್ನೇ ಹೇಳಿದೆ.

ಇನ್ನು ಕಾಯಲಾರೆನೆಂದು ಜನರನ್ನು ಸರಿಸಿಕೊಂಡು ಬ್ಯಾಂಡಿನತ್ತ ಓಡಿದೆ. ಸಾಕು ನಿಲ್ಲಿಸಿರೆಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಡ್ರಮ್ಮು, ಕಹಳೆ ಎಲ್ಲ ತಾವಾಗಿಯೇ ನಿಂತವು. ಕ್ಲಾರಿನೆಟ್ ಮಾತ್ರ ಉಳಿಯಿತು. ಅದು ಮೆಲ್ಲಗೆ ಒಂದು ಪುಟ್ಟ ರಾಗ ಊದಿತು. ಎರಡು ಹೆಜ್ಜೆ ಮೇಲೆ ಹತ್ತಿ, ತಡವರಿಸಿ, ಕೆಳಗಿಳಿಯುವ ರಾಗ.

ತೆರೆದ ಬಾಯಿ ಹಾಗೇ ಉಳಿಯಿತು. ಅದು ಅಪ್ಪನ ಸಿಳ್ಳೆ. ಕೆಲಸದಿಂದ ಬಂದು ಗೇಟಿನಲ್ಲಿ ಸೈಕಲ್ಲು ಇಳಿದು ಒಳಗೆ ಬರುವ ತನಕ ಅಪ್ಪ ಹಾಕುತ್ತಿದ್ದ ಸಿಳ್ಳೆ. ಅದು ಯಾವ ಹಾಡೂ ಆಗಿರಲಿಲ್ಲ, ಅವನೇ ಹುಟ್ಟಿಸಿಕೊಂಡದ್ದು. ಅದು ಕೇಳಿದರೆ ನಾನು ಬರೆಯುತ್ತಿದ್ದ ಪಾಟಿ ಬಿಟ್ಟು ಓಡುತ್ತಿದ್ದೆ, ಅವ್ವ ಹಿಟ್ಟಿನ ಕೈಯಲ್ಲೇ ಗೇಟು ತೆಗೆಯಲು ಬರುತ್ತಿದ್ದಳು. ಅಪ್ಪ ಹೋದ ಮೇಲೆ ನಾನದನ್ನು ಕೇಳಿರಲಿಲ್ಲ. ಮರೆತೇ ಹೋಗಿತ್ತೆಂದು ತಿಳಿದಿದ್ದೆ.

ಅವ್ವ ಅಂದು ಬೆಳಗಿನಿಂದ ಅಡುಗೆಯವರ ಹತ್ತಿರವೇ ಉಳಿದಿದ್ದಳು. ಗಂಡನಿಲ್ಲದವಳು ಮುಂದೆ ನಿಲ್ಲಬಾರದೆಂದು ತಾನೇ ತೀರ್ಮಾನಿಸಿಕೊಂಡಿದ್ದಳು. ನಾವು ಎಷ್ಟು ಕರೆದರೂ ಬಂದಿರಲಿಲ್ಲ. ಈಗ ಆರತಿ ಹಿಡಿದು ನಿಂತ ಹೆಂಗಸರ ನಡುವಿನಿಂದ ಅವಳು ಹೊರಗೆ ಬಂದಳು. ಯಾರನ್ನೂ ನೋಡಲಿಲ್ಲ. ನೆಟ್ಟಗೆ ಮಂಟಪದ ಗೇಟಿನ ತನಕ ನಡೆದು, ಅರ್ಧ ಮುಚ್ಚಿದ್ದ ಕದವನ್ನು ಪೂರ್ತಿ ತೆಗೆದಳು. ಆಮೇಲೆ ಎಲ್ಲಿದ್ದೇನೆಂದು ನೆನಪಾಗಿ, ಸೆರಗು ಹಿಡಿದು ಹಿಂದೆ ಸರಿಯಹೋದಳು.

ಹೆಡ್ ಮಾಸ್ತರರಿಗೆ ಏನು ತಿಳಿಯಿತೋ ಕಾಣೆ. ಗಡಿಯಾರದ ಕೈಯನ್ನು ಕೆಳಗಿಳಿಸಿದರು. "ಅಕ್ಕಾರ, ಅಲ್ಲೇ ನಿಂದರ್ರಿ. ನೀವ ಮುಂದಾಗಿ ನಮ್ಮ ಹುಡುಗನ್ನ ಕರಕೊಂಡು ನಡೀರಿ" ಎಂದರು. ಆರತಿ ಹಿಡಿದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬ್ಯಾಂಡು ಮತ್ತೆ ಒಟ್ಟಾಗಿ ಶುರುವಾಯಿತು, ಅದೇ ಸಿಳ್ಳೆಯನ್ನು ಈಗ ಕಹಳೆಗಳೂ ಹಿಡಿದುಕೊಂಡವು, ಕುದುರೆ ಹೆಜ್ಜೆ ಇಟ್ಟಿತು. ಅಕ್ಷತೆ ವೇಳೆಗೆ ಸರಿಯಾಗಿಯೇ ಬಿತ್ತು.

ಊಟದ ಹೊತ್ತಿಗೆ ಕಾಕಾ ಪೆಂಡಾಲಿನ ಹಿಂದೆ ಒಬ್ಬನೇ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಅವ್ವ ಅವನ ಊಟದ ತಾಟು ಹಿಡಿದು ಬಂದಳು.

"ಅಷ್ಟ್ಯಾಕ ಉದ್ದ ಮಾಡಿದ್ಯೋ ಅದನ್ನ?" ಎಂದಳು.

ಕಾಕಾ ತಲೆ ಎತ್ತಲಿಲ್ಲ. "ಅಣ್ಣ ಆ ಸಿಳ್ಳಿ ಗೇಟಿನಿಂದ ಬಾಗಿಲತನಾ ಅಷ್ಟ ಹಾಕ್ತಿದ್ದ, ವೈನಿ. ನಂಗದು ಭಾಳ ಸಣ್ಣದನಸ್ತಿತ್ತು."

ಅವ್ವ ತಾಟು ಅವನ ಮುಂದಿಟ್ಟಳು. ಒಂದು ಕಡೆ ಜಾರಿದ್ದ ಅವನ ರುಮಾಲನ್ನು ಸರಿಮಾಡಿದಳು. ಆಮೇಲೆ, ಕಾಕಾ ತಿಂದು ಮುಗಿಸುವ ತನಕ ಅಲ್ಲೇ ನೆಲದ ಮೇಲೆ ಕೂತುಕೊಂಡಳು.