ಎಸ್ಟೋನಿಯಾದ ಹಿಮದಲ್ಲಿ ನನ್ನ ರವೆ

ತಪ್ಪನ್ನು ಕಂಡೂ ಸುಮ್ಮನಿರುವವನು ಆ ತಪ್ಪಿನಲ್ಲಿ ಪಾಲುದಾರನಾಗುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ನಾನು ಸುಮ್ಮನಿರುವುದಿಲ್ಲ. ಅಮೆರಿಕದ ಫ್ರಿಸ್ಕೋ ಊರಿನ ನಮ್ಮ ಬಡಾವಣೆಯಲ್ಲಿ ಮಳೆ ಸುರಿಯುತ್ತಿರುವಾಗಲೂ ಹುಲ್ಲಿಗೆ ನೀರು ಚಿಮ್ಮಿಸುವ ಮನೆಗಳ ಬಾಗಿಲು ತಟ್ಟಿ ವಿಷಯ ತಿಳಿಸಿದ್ದೇನೆ. ಒಬ್ಬನೇ ಮನುಷ್ಯನನ್ನು ಪ್ಲೇನೋದ ಆಫೀಸಿಗೆ ಮುಟ್ಟಿಸಲು ಲಾರಿಯಷ್ಟು ದೊಡ್ಡ ವಾಹನ ಏಕೆಂದು ಪಕ್ಕದ ಮನೆಯವರನ್ನು ವಿನಯದಿಂದಲೇ ಕೇಳಿದ್ದೇನೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಗಂಡಸರು ಮೊದಲು ಕೂರುವುದನ್ನೂ ಎಲೆಯಲ್ಲಿ ಒಬ್ಬಟ್ಟು ಉಳಿಯುವುದನ್ನೂ ಒಂದೇ ಭಾಷಣದಲ್ಲಿ ಖಂಡಿಸಿದ್ದೇನೆ. ಭಾಷಣ ಮುಗಿಯುವಷ್ಟರಲ್ಲಿ ಸಾರು ಆರಿತ್ತೆಂದು ಕೆಲವರು ದೂರಿದರು. ಆರಿದ ಸಾರು ಅನ್ಯಾಯವಲ್ಲ, ಅನಾನುಕೂಲ ಮಾತ್ರ ಎಂದು ಅವರಿಗೂ ವಿವರಿಸಿದೆ.

ನನ್ನ ಹೆಂಡತಿ ವಸುಧಾ ಮಕ್ಕಳ ಡಾಕ್ಟರು. ಗಂಡನನ್ನು "ರೀ" ಎಂದು ಕರೆಯುವುದು ಅಸಮಾನತೆಯ ಕುರುಹೆಂದು ಮದುವೆಗೆ ಮುಂಚೆಯೇ ಅವಳಿಗೆ ಮನವರಿಕೆ ಮಾಡಿಕೊಟ್ಟಿದ್ದೆ. ಅಂದಿನಿಂದ ಆ ಪದವನ್ನು ಅವಳು ತೀರಾ ಸಿಟ್ಟು ಬಂದಾಗ ಮಾತ್ರ ಬಳಸುತ್ತಾಳೆ. ಕಳೆದ ಚಳಿಗಾಲದಲ್ಲಿ, ಜನ ಕಡಿಮೆ, ಸದ್ದು ಕಡಿಮೆ ಎಂಬ ಕಾರಣಕ್ಕೆ ಎಸ್ಟೋನಿಯಾವನ್ನು ಆರಿಸಿ, ಬಾಡಿಗೆ ಕಾರಿನಲ್ಲಿ ಒಂದು ವಾರ ಸುತ್ತೋಣವೆಂದಳು. ಷರತ್ತು ಒಂದೇ: ಆ ವಾರವಿಡೀ ನಾನು ಯಾರ ತಪ್ಪನ್ನೂ ಎತ್ತಿ ಆಡಬಾರದು. ಆಡಿದರೆ ಮುಂದಿನ ವರ್ಷ ಅವಳು ಪ್ರವಾಸ ಹೋಗುವುದು ರೌಂಡ್ ರಾಕ್‌ನಲ್ಲಿರುವ ತನ್ನ ಅಕ್ಕನ ಜೊತೆ. ನಾನು ಒಪ್ಪಿದೆ. ನನ್ನದೂ ಒಂದು ಬೇಡಿಕೆಯಿತ್ತು: ಬೆಳಗಿನ ಉಪ್ಪಿಟ್ಟಿಗೆ ದಪ್ಪ ರವೆಯ ಒಂದು ಚೀಲ. ಮಾಡುವವನು ನಾನೇ ಆದ್ದರಿಂದ ಅದರಲ್ಲಿ ಶೋಷಣೆಯೇನೂ ಇರಲಿಲ್ಲ.

ನಾನು ಮಾತು ಉಳಿಸಿಕೊಂಡೆ. ಹೋಟೆಲಿನಲ್ಲಿ ಹೀಟರ್ ಉರಿಯುತ್ತಿರುವಾಗಲೇ ಕಿಟಕಿ ತೆರೆದಿಟ್ಟವರನ್ನು ನೋಡಿ ನಕ್ಕೆ. ತುಪ್ಪಳದ ಕೋಟು ಧರಿಸಿದ ಮಹಿಳೆಗೆ ಬಾಗಿಲು ಹಿಡಿದು ನಿಂತೆ. ವಸುಧಾ ಗೇರ್ ಬದಲಿಸುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅವಳು ಹಾಡುತ್ತಾಳೆಂಬುದನ್ನೇ ನಾನು ಮರೆತಿದ್ದೆ. ಒಂದು ಮಧ್ಯಾಹ್ನ ಕಾಡಿನ ಕವಲಿನಲ್ಲಿ ನಮ್ಮ ವಸತಿಗೃಹಕ್ಕೆ ಎಡಕ್ಕೆ ಹೋಗಬೇಕೆಂದು ಬೋರ್ಡು ಸಾರುತ್ತಿತ್ತು. ಅವಳು ಬಲಕ್ಕೆ ತಿರುಗಿಸಿದಳು. ಅದು ನಿಸ್ಸಂದೇಹವಾಗಿ ತಪ್ಪು. ನಾನು ತುಟಿ ಬಿಗಿಹಿಡಿದು, ನನ್ನ ಸಂಯಮದ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ.

ರಸ್ತೆ ಒಂದು ಮುಚ್ಚಿದ ಗೇಟಿನ ಮುಂದೆ ಮುಗಿಯಿತು. ತಿರುಗಿಸಲು ಹೋದಾಗ ಚಕ್ರಗಳು ಹೆಪ್ಪುಗಟ್ಟಿದ ನೆಲದ ಮೇಲೆ ನಿಂತಲ್ಲೇ ಸುತ್ತತೊಡಗಿದವು. ಬೆಳಕು ಇಳಿಯುತ್ತಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ.

"ಬೋರ್ಡು ನೋಡಿದ್ಯಾ ನೀನು?" ಎಂದಳು.

"ನೋಡಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

ತಪ್ಪು ತೋರಿಸಬಾರದೆಂದು ನಮ್ಮ ನಡುವೆ ಒಪ್ಪಂದವಿದೆ ಎಂದು ಜ್ಞಾಪಿಸಿದೆ. ಅವಳು ಸ್ಟೀರಿಂಗ್ ಮೇಲೆ ಹಣೆಯಿಟ್ಟಳು. ಆಮೇಲೆ ಶಾಂತವಾಗಿ, "ರೀ, ಇಳೀರಿ. ಹಿಂದಿನಿಂದ ತಳ್ಳಿ" ಎಂದಳು.

ನಾನು ಇಳಿದು ಹಿಂದಕ್ಕೆ ಬರುವಷ್ಟರಲ್ಲಿ ಅವಳು ಡಿಕ್ಕಿಯಿಂದ ರವೆಯ ಚೀಲವನ್ನು ತೆಗೆದು, ಮನೆಯ ಮುಂದೆ ರಂಗೋಲಿ ಹಾಕುವಷ್ಟು ನಿಧಾನವಾಗಿ, ಚಕ್ರಗಳು ಜಾರದಿರಲೆಂದು ಅವುಗಳಡಿಗೆ ಸುರಿಯುತ್ತಿದ್ದಳು. ನಾಳೆಯ ಉಪ್ಪಿಟ್ಟು, ನಾಡಿದ್ದಿನ ಉಪ್ಪಿಟ್ಟು ಹಿಮದಲ್ಲಿ ಬೆರೆಯುತ್ತಿತ್ತು. ನಾನು ಎಷ್ಟೆಂದು ಸಹಿಸಲಿ?

"ಇದು ಆಹಾರದ ಅಪವ್ಯಯ" ಎಂದೆ.

ಅವಳು ಚೀಲ ಕೊಡವಿ ನನ್ನ ಕೈಗಿಟ್ಟಳು. "ದಾರಿ ತಪ್ಪಿದಾಗ ನನಗೋಸ್ಕರ ಬಾಯಿ ಬಿಡಲಿಲ್ಲ ನೀವು. ರವೆಗೋಸ್ಕರ ಬಿಟ್ರಿ."

ಕಾರು ಮೊದಲ ಪ್ರಯತ್ನದಲ್ಲೇ ಕದಲಿತು. ಚಕ್ರಗಳು ಚಿಮ್ಮಿಸಿದ ರವೆ ಹಿಂದಿನಿಂದ ತಳ್ಳುತ್ತಿದ್ದ ನನ್ನ ಮುಖಕ್ಕೆ ಬಡಿಯಿತು. ಪ್ರವಾಸದ ಕೊನೆಯವರೆಗೂ ನಾನು ಬಹುವಚನದಲ್ಲೇ ಉಳಿದೆ. ಅವಳ ಹಾಡು ಮತ್ತೆ ಕೇಳಿಸಲಿಲ್ಲ.

ಈ ಚಳಿಗಾಲ ಅಕ್ಕತಂಗಿಯರು ಪೋರ್ಚುಗಲ್ಲಿನ ಯಾವುದೋ ಹಳ್ಳಿಗಾಡಿನಲ್ಲಿದ್ದಾರೆ. ಈಗಷ್ಟೇ ಫೋಟೋ ಬಂದಿದೆ: ಕಾರಿಗೆ ಒರಗಿ ಇಬ್ಬರೂ ನಗುತ್ತಿದ್ದಾರೆ. "ದಾರಿ ತಪ್ಪಿದ್ವಿ, ಅಕ್ಕ ತಕ್ಷಣ ಹೇಳಿದಳು. ನಿನ್ನ ಉಪ್ಪಿಟ್ಟು ಆಯ್ತಾ?" ಎಂದು ಬರೆದಿದ್ದಾಳೆ. ಏಕವಚನ ಮರಳಿ ಬಂದಿದೆ. ಆದರೆ ಅವರ ಕಾರಿನ ಹಿಂದೆ, ಅಲ್ಲಿ ವಾಹನ ನಿಲ್ಲಿಸಬಾರದೆಂಬ ಬೋರ್ಡು ಸ್ಪಷ್ಟವಾಗಿ ಕಾಣುತ್ತಿದೆ. ಹೇಳಿದರೆ ಏಕವಚನ ಹೋಗಬಹುದು, ಹೇಳದಿದ್ದರೆ ಕಾರೇ ಹೋಗಬಹುದು. ನಿರ್ಧಾರವಾಗುವವರೆಗೆ ಬೆರಳುಗಳು ಅವಳಿಗೆ ಏನನ್ನೂ ಬರೆಯದಿರಲೆಂದು ಇದನ್ನು ನಿಮಗೆ ಬರೆಯುತ್ತಿದ್ದೇನೆ.